ಟ್ರ್ಯಾಕ್ ಗಾಡಿಗೆ ಮುಂದೆ ಯಾವ ಟೈರು, ಹಿಂದೆ ಯಾವ ಟೈರು? (ಸ್ವಿಫ್ಟ್, 15 ಇಂಚಿನ ರಿಮ್)

ನಿಟ್ಟುವಳ್ಳಿ_ಸ್ವಿಫ್ಟ್ (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ಗಾಡಿ 2018ರ ಪೆಟ್ರೋಲ್ ಸ್ವಿಫ್ಟ್, ಕಂಪನಿ ಟೈರ್ ಸೈಜು 185/65 ಆರ್15. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ ರೇಸ್ ಟ್ರ್ಯಾಕ್‌ನ ಟ್ರ್ಯಾಕ್ ಡೇಗೆ (ನಮ್ಮದೇ ಗಾಡಿ ಟ್ರ್ಯಾಕ್ ಮೇಲೆ ಓಡಿಸುವ ದಿನ) ಅಂತಲೇ ಬೇರೆ ನಾಲ್ಕು ರಿಮ್, ಟೈರ್ ಮಾಡಿಸಬೇಕು. ಅಂಗಡಿಯವರು ಮುಂದೆ 195/55, ಹಿಂದೆ 205/55 ಹಾಕಿಸಿ, ಹಿಂದೆ ದಪ್ಪ ಇದ್ದರೆ ಗಾಡಿ ನೆಲ ಕಚ್ಚಿ ಓಡುತ್ತೆ ಅಂತಾರೆ. ಗಾಡಿಗೆ ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್ ಬಿಟ್ಟರೆ ಬೇರೇನೂ ಬದಲಾಯಿಸಿಲ್ಲ. ಅಲೈನ್‌ಮೆಂಟ್ ಕಂಪನಿ ಲೆಕ್ಕದ್ದೇ. ಈ ಜೋಡಿ ಸರಿಯಾ? ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವುದು) ತಕರಾರು ಮಾಡುತ್ತಾ?

ಕಲ್ಲಿನಕೋಟೆ (ಚಿತ್ರದುರ್ಗ):
ಅಣ್ಣ, ಆ ಜೋಡಿ ಬೇಡ. ಅಗಲದ ಮಾತು ಆಮೇಲೆ, ಮೊದಲು ಹೊರ ವ್ಯಾಸದ ಲೆಕ್ಕ ಹಾಕಿ.

195/55 ಅಂದರೆ ಟೈರಿನ ಅಗಲ 195 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ 195ರಲ್ಲಿ ಶೇ 55, ಅಂದರೆ 107.25 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 214.5. ರಿಮ್ 15 ಇಂಚು, 25.4ರಿಂದ ಗುಣಿಸಿದರೆ 381. ಒಟ್ಟು 595.5 ಮಿ.ಮೀ. ಇದೇ ಲೆಕ್ಕದಲ್ಲಿ 205/55ಕ್ಕೆ 606.5 ಬರುತ್ತೆ. ವ್ಯತ್ಯಾಸ 11 ಮಿ.ಮೀ., ಶೇ 1.8. ಎರಡರಲ್ಲೂ 55 ಅಂತ ಬರೆದಿರುವುದರಿಂದ ಎತ್ತರ ಒಂದೇ ಅಂದುಕೊಳ್ಳುವವರು ಬಹಳ ಜನ. ಆ 55 ಮಿಲಿಮೀಟರಲ್ಲ, ಅಗಲದ ಶೇಕಡಾವಾರು. ಅಗಲ ಏರಿದರೆ ಎತ್ತರವೂ ತಾನಾಗಿ ಏರುತ್ತೆ.

ರಸ್ತೆ ಮೇಲೆ ಇದು ಏನಾಗುತ್ತೆ ನೋಡಿ. ಭಾರ ಬಿದ್ದು ತಳ ಚಪ್ಪಟೆಯಾಗುವುದರಿಂದ ರೇಡಿಯಲ್ ಟೈರ್ ಒಂದು ಸುತ್ತಿಗೆ ಹೋಗುವ ದೂರ ವ್ಯಾಸದ 3.14 ಪಟ್ಟು ಇರುವುದಿಲ್ಲ, 3.05 ಪಟ್ಟು ಅಂತ ಹಿಡಿಯಬೇಕು. ಮುಂದಿನದು 1816 ಮಿ.ಮೀ., ಹಿಂದಿನದು 1850. ಒಂದು ಕಿಲೋಮೀಟರಿಗೆ ಮುಂದಿನ ಚಕ್ರ ಸುಮಾರು 551 ಸುತ್ತು ಸುತ್ತಿದರೆ ಹಿಂದಿನದು 541. ನಿಮ್ಮ ಗಾಡಿಯಲ್ಲಿ ಎಬಿಎಸ್ ಜತೆ ಇಬಿಡಿ ಇದೆ. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮುಂದಿನದಕ್ಕಿಂತ ನಿಧಾನವಾದರೆ ಅದು ಜಾರುತ್ತಿದೆ ಅಂತ ತಿಳಿದು ಹಿಂಬದಿ ಬ್ರೇಕಿನ ಒತ್ತಡವನ್ನು ತಡೆಹಿಡಿಯುವುದೇ ಇಬಿಡಿ ಕೆಲಸ. ನೀವು ಹಾಕುವ ದೊಡ್ಡ ಟೈರು ಬ್ರೇಕ್ ಒತ್ತುವ ಮೊದಲೇ ಶೇ 1.8 ನಿಧಾನ. ಹಾಗಾಗಿ ಹಿಂಬದಿ ಬ್ರೇಕು ಬೇಗ ಕೈಬಿಡುತ್ತೆ, ಆ ಕೆಲಸವೂ ಮುಂದಿನ ಪ್ಯಾಡಿನ ಮೇಲೇ ಬೀಳುತ್ತೆ. ಡ್ಯಾಶ್‌ಬೋರ್ಡಿನ ಎಬಿಎಸ್ ದೀಪ ಹತ್ತದೇ ಇರಬಹುದು. ದೀಪ ಹತ್ತಲಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ.

ಮುಂದೆ-ಹಿಂದೆ ವ್ಯಾಸದ ವ್ಯತ್ಯಾಸ ಶೇ 1ರೊಳಗೆ ಇರಲಿ. ಕಂಪನಿ ವ್ಯಾಸದಿಂದ ಎಷ್ಟು ದೂರ ಹೋಗಬಹುದು ಎಂಬುದು ಬೇರೆಯೇ ಪ್ರಶ್ನೆ. ಅಲ್ಲಿ ನಾಲ್ಕೂ ಒಟ್ಟಿಗೆ ಚಿಕ್ಕದಾದರೆ ಎಬಿಎಸ್‌ಗೆ ಅಷ್ಟು ತೊಂದರೆ ಇಲ್ಲ, ಒಂದು ಆಕ್ಸಲ್ ಮಾತ್ರ ಬದಲಾದರೆ ತೊಂದರೆ.

ಪಾನಾ_ದಾವಣಗೆರೆ:
ಕಲ್ಲಿನಕೋಟೆಯವರು ವ್ಯಾಸದ್ದು ಹೇಳಿದ್ರು, ನಾನು ಅಗಲದ್ದು ಹೇಳ್ತೀನಿ. ಸ್ವಿಫ್ಟ್‌ನಾಗ ಎಂಜಿನ್, ಗೇರ್‌ಬಾಕ್ಸ್, ಡ್ರೈವ್ ಎಲ್ಲಾ ಮುಂದ ಐತಿ. ಎಳೆಯೋದು, ತಿರುಗಿಸೋದು, ಬ್ರೇಕಿನ ದೊಡ್ಡ ಪಾಲು, ಮೂರೂ ಕೆಲಸ ಮುಂದಿನ ಎರಡೇ ಟೈರ್ ಮಾಡ್ತಾವ. ಹಿಂದಿನವು ಸುಮ್ನ ಹಿಂದ ಬರ್ತಾವ. ಅಂಥಾ ಗಾಡಿಗೆ ಹಿಂದ ದಪ್ಪ ಹಾಕಿದ್ರ ಹಿಂಬದಿ ಹಿಡಿತ ಇನ್ನೂ ಗಟ್ಟಿ ಆಗ್ತತಿ, ಮೂತಿ ತಿರುವಿನ ಹೊರಗ ಹೊರಗ ಓಡ್ತತಿ. ಸ್ಟೀರಿಂಗ್ ಇನ್ನೂ ತಿರುವಿದ್ರೂ ಗಾಡಿ ಕೇಳಂಗಿಲ್ಲ, ಮುಂದಿನ ಟೈರಿನ ಹೊರ ಅಂಚು ಉರಿದು ಹೋಗ್ತತಿ. ಹಿಂದ ದಪ್ಪ ಇರೋದು ಹಿಂದಿನ ಚಕ್ರ ಎಳೆಯೋ ಗಾಡಿಗೆ ಹೊಂದ್ತತಿ, ನಿಮ್ಮ ಗಾಡಿಗಲ್ಲ.

ಅಲ್ಲೂ ವ್ಯಾಸ ಸಮ ಮಾಡೇ ಹಾಕ್ತಾರ ನೋಡ್ರಿ. ಬಿಎಂಡಬ್ಲ್ಯೂ 3 ಸೀರೀಸ್ ಎಫ್30ಕ್ಕ 18 ಇಂಚಿನಾಗ ಮುಂದ 225/45, ಹಿಂದ 255/40 ಬರ್ತಿತ್ತು. ಲೆಕ್ಕ ಹಾಕಿದ್ರ 659.7 ಮತ್ತ 661.2. ಅಗಲ 30 ಮಿ.ಮೀ. ಜಾಸ್ತಿ, ವ್ಯಾಸ ಒಂದೂವರೆ ಮಿ.ಮೀ. ಅಷ್ಟೇ ಫರಕು.

ತುರುವನೂರು_ರಸ್ತೆ:
ಹಾಗಿದ್ದರೆ ಉಲ್ಟಾ ಮಾಡಬಹುದಲ್ಲ ಸರ್? ಮುಂದೆ ಅಗಲ, ಹಿಂದೆ ಸಣ್ಣದು. ಆಡಿ ಆರ್‌ಎಸ್3ಗೆ ಕಂಪನಿಯವರೇ ಮುಂದೆ ಅಗಲ ಟೈರ್ ಕೊಟ್ಟಿದ್ದಾರೆ. ಈಗಿನದಕ್ಕೆ ಮುಂದೆ 265/30 ಆರ್19, ಹಿಂದೆ 245/35 ಆರ್19. ಅದರಲ್ಲಿ ವ್ಯಾಸವೂ ಸಮ ಇಲ್ಲ, 641.6 ಮತ್ತು 654.1. ಶೇ 1ರ ನಿಯಮ ಅಲ್ಲಿ ಎಲ್ಲಿ ಹೋಯ್ತು?

ಕಲ್ಲಿನಕೋಟೆ:
ಒಳ್ಳೆ ಪ್ರಶ್ನೆ. ಪೋರ್ಷೆ 911 ಕರೆರಾ ಎಸ್‌ನಲ್ಲಿ ಇನ್ನೂ ಜಾಸ್ತಿ: ಮುಂದೆ 245/35 ಆರ್20, ಹಿಂದೆ 305/30 ಆರ್21. ಆದರೆ ಆ ಗಾಡಿಗಳ ಎಬಿಎಸ್, ಸ್ಥಿರತೆಯ ಕಂಪ್ಯೂಟರ್, ಆರ್‌ಎಸ್3ಯ ನಾಲ್ಕು ಚಕ್ರದ ಕ್ಲಚ್, ಎಲ್ಲವನ್ನೂ ಆ ವ್ಯತ್ಯಾಸವನ್ನೇ ಲೆಕ್ಕಕ್ಕೆ ಹಿಡಿದು ಕಟ್ಟಿದ್ದಾರೆ. ಅದನ್ನು ಕಂಪನಿಯವರು ಕಂಪ್ಯೂಟರಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ, ನಮ್ಮ ಸ್ವಿಫ್ಟ್‌ನ ಕಂಪ್ಯೂಟರಿಗೆ ನಾಲ್ಕೂ ಚಕ್ರ ಒಂದೇ ಅಂತ ಗೊತ್ತಿರುವುದು. ನಾಲ್ಕು ಚಕ್ರ ಎಳೆಯುವ ಗಾಡಿಗಳಲ್ಲಿ ಸುಬಾರುನವರು ಸುತ್ತಳತೆಯ ವ್ಯತ್ಯಾಸ ಕಾಲು ಇಂಚು ಮೀರಬಾರದು ಅನ್ನುತ್ತಾರೆ. ಅಂದರೆ ತ್ರಿಜ್ಯದಲ್ಲಿ ಬರೀ 1 ಮಿ.ಮೀ., ಹೆಚ್ಚು-ಕಡಿಮೆ ಸವೆದ ಟೈರ್‌ಗಳನ್ನು ಬೆರೆಸಿದರೇ ದಾಟಿಹೋಗುತ್ತೆ.

ಮುಂದೆ ಅಗಲ ಮಾಡುವುದು ತಾತ್ವಿಕವಾಗಿ ಸರಿ. 15 ಇಂಚಿನಲ್ಲಿ ಹೊಂದುವ ಜೋಡಿಗಳೂ ಇವೆ. ಮುಂದೆ 205/55 (606.5), ಹಿಂದೆ 185/60 (603), ವ್ಯತ್ಯಾಸ ಶೇ 0.6. ಮುಂದೆ 225/45 (583.5), ಹಿಂದೆ 205/50 (586), ಶೇ 0.4. ಮುಂದೆ 205/50, ಹಿಂದೆ 195/50 ಅಂತ ಹಾಕಿದರೆ ಮಾತ್ರ 586ಕ್ಕೆ 576, ಶೇ 1.7 ಆಗಿಬಿಡುತ್ತೆ. ಬೇಡ.

ಆದರೂ ಮೊದಲ ಸೆಟ್‌ಗೆ ನಾನು ನಾಲ್ಕೂ ಒಂದೇ ಸೈಜು ಅಂತಲೇ ಹೇಳುವುದು. ಕಾರಣ ಸವೆತ. ಮುಂದೆಳೆಯುವ ಗಾಡಿಯಲ್ಲಿ ಮುಂದಿನ ಜೋಡಿ ಹಿಂದಿನದಕ್ಕಿಂತ ಎಷ್ಟೋ ಬೇಗ ಖಾಲಿಯಾಗುತ್ತೆ. ಒಂದೇ ಸೈಜು ಇದ್ದರೆ ಊಟದ ವೇಳೆಗೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ನಾಲ್ಕನ್ನೂ ಒಟ್ಟಿಗೆ ಸವೆಸಬಹುದು. ಎರಡು ಸೈಜು ಇದ್ದರೆ ಮುಂದಿನ ಎರಡು ಬೋಳಾಗಿ, ಹಿಂದಿನ ಎರಡು ಗಟ್ಟಿಯಾಗುತ್ತಾ ಉಳಿಯುತ್ತವೆ.

ನಿಟ್ಟುವಳ್ಳಿ_ಸ್ವಿಫ್ಟ್:
ಸರಿ, ನಾಲ್ಕೂ ಒಂದೇ ಮಾಡ್ತೀನಿ. ಹಾಗಾದರೆ ಯಾವುದು? 195/60, 195/55, 205/55, 205/50, ನಾಲ್ಕೂ ಕಣ್ಣ ಮುಂದಿವೆ. ರಿಮ್ 6.5ಜೆ (ಅಂದರೆ 6.5 ಇಂಚು ಅಗಲ) ತಗೊಳ್ಳಲಾ, 7ಜೆ ತಗೊಳ್ಳಲಾ?

ಕಲ್ಲಿನಕೋಟೆ:
ನಿಮ್ಮ ಕಂಪನಿ ವ್ಯಾಸ 621.5. 195/60ಕ್ಕೆ 615, ಹೆಚ್ಚುಕಡಿಮೆ ಹಾಗೇ ಇರುತ್ತೆ, ಆದರೆ ಗೋಡೆ ಎತ್ತರ, ತಿರುವಿನಲ್ಲಿ ವಾಲುತ್ತೆ. 205/55ಕ್ಕೆ 606.5, ಶೇ 2.4 ಕಡಿಮೆ. 195/55ಕ್ಕೆ 595.5, ಶೇ 4.2 ಕಡಿಮೆ. 205/50ಕ್ಕೆ 586, ಶೇ 5.7 ಕಡಿಮೆ.

ಚಿಕ್ಕ ವ್ಯಾಸದಿಂದ ಗೇರ್ ಚಿಕ್ಕದಾದ ಹಾಗಾಗುತ್ತೆ (ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತುತ್ತೆ), ತಿರುವಿನಿಂದ ಎದ್ದು ಬರುವಾಗ ಚುರುಕಾಗಿ ಎಳೆಯುತ್ತೆ. ಸ್ಪೀಡೋಮೀಟರ್ ತೋರಿಸುವುದಕ್ಕಿಂತ ನಿಜವಾದ ವೇಗ ಅಷ್ಟೇ ಶೇಕಡಾ ಕಡಿಮೆಯಾಗುತ್ತೆ. ನೇರ ದಾರಿಯ ಕೊನೆಯಲ್ಲಿ ಗೇರ್ ಬೇಗ ಮುಗಿದುಹೋಗುತ್ತೆ, ಬ್ರೇಕ್ ಒತ್ತುವ ಜಾಗಕ್ಕೆ ಸ್ವಲ್ಪ ಮೊದಲೇ ಮೇಲಿನ ಗೇರ್ ಹಾಕಬೇಕಾಗಿ ಬಂದರೆ ಗಳಿಸಿದ್ದನ್ನು ಅಲ್ಲೇ ಕಳೆದಂತೆ. ಗಾಡಿ 195/55ರಲ್ಲಿ 13 ಮಿ.ಮೀ., 205/50ರಲ್ಲಿ ಸುಮಾರು 18 ಮಿ.ಮೀ. ಕೆಳಗಿಳಿಯುತ್ತೆ.

ಕಂಪನಿ ಸಸ್ಪೆನ್ಷನ್ ಇರುವ ಸ್ವಿಫ್ಟ್‌ಗೆ ನನ್ನ ಆಯ್ಕೆ 195/55 ಆರ್15, 6.5ಜೆ ರಿಮ್. ಈ ಸೈಜಿಗೆ ಒಪ್ಪುವ ರಿಮ್ 5.5ರಿಂದ 7ರವರೆಗೆ. 6.5 ನಡುವಿನಿಂದ ಸ್ವಲ್ಪ ಮೇಲೆ ಇರುವುದರಿಂದ ಗೋಡೆ ನೆಟ್ಟಗೆ ನಿಲ್ಲುತ್ತೆ. ಹಳೇ ಕಂಪನಿ ರಿಮ್‌ಗೇ ಕಟ್ಟಿಸುವ ಯೋಚನೆ ಇದ್ದರೆ ರಿಮ್ ಹಿಂಬದಿಯಲ್ಲಿ ಅಚ್ಚಾದ ಅಗಲ ನೋಡಿ. 5ಜೆ ಅಂತಿದ್ದರೆ 195/55 ಕಟ್ಟಿಸಲೇಬಾರದು. ಟೈರ್ ಅದರಲ್ಲಿ ಗುಮ್ಮಟದ ಹಾಗೆ ಉಬ್ಬಿ ನಡುವೆ ಮಾತ್ರ ನೆಲ ಮುಟ್ಟುತ್ತೆ, ಅಗಲಕ್ಕೆ ಕೊಟ್ಟ ದುಡ್ಡು ದಂಡ.

ಪೂರ್ತಿ ಟ್ರ್ಯಾಕ್ ಟೈರ್ ತಗೊಳ್ಳುವುದಿದ್ದರೆ ಮಾತ್ರ 205/50, 7ಜೆ ರಿಮ್. ಅಂಥ ಟೈರ್‌ಗಳಲ್ಲಿ 15 ಇಂಚಿಗೆ ಹೆಚ್ಚು ಸಿಗುವ ಸೈಜು 195/50 ಮತ್ತು 205/50. ಆದರೆ 2020ರ ಜೂನ್‌ನಿಂದ ಹೊರದೇಶದ ಹೊಸ ಕಾರ್ ಟೈರ್ ಆಮದು ನಿರ್ಬಂಧಿತ ಪಟ್ಟಿಯಲ್ಲಿದೆ. ಟೈರ್ ಕೈಗೆ ಸಿಕ್ಕ ಮೇಲೇ ರಿಮ್ ತಗೊಳ್ಳಿ. ರಿಮ್ ತಂದಿಟ್ಟು ಟೈರ್ ಹುಡುಕುತ್ತಾ ಕೂರಬೇಡಿ.

ಭಾರದ ಸೂಚ್ಯಂಕ ನೋಡಿಯೇ ತಗೊಳ್ಳಿ. ಕಂಪನಿಯದು 88, ಅಂದರೆ ಒಂದು ಟೈರ್‌ಗೆ 560 ಕೆ.ಜಿ. 195/55ರಲ್ಲಿ ಸಾಮಾನ್ಯವಾಗಿ 85 ಬರುತ್ತೆ, 515 ಕೆ.ಜಿ. ಒಬ್ಬರೇ ಓಡಿಸುವ ಟ್ರ್ಯಾಕ್ ಗಾಡಿಗೆ ಧಾರಾಳ. ಅದೇ ಸೆಟ್‌ನಲ್ಲಿ ಐದು ಜನ, ಸಾಮಾನು ತುಂಬಿಕೊಂಡು ಹೆದ್ದಾರಿಗೆ ಹೋಗಬೇಡಿ. ವೇಗದ ಅಕ್ಷರ ಎಚ್ (210 ಕಿ.ಮೀ.) ಸಾಕು, ವಿ (240) ಇದ್ದರೆ ಒಳ್ಳೆಯದು. ಬಿಸಿ ತಡೆಯುತ್ತೆ.

ಪಾನಾ_ದಾವಣಗೆರೆ:
ರಿಮ್ ಅಗಲದ ಜತೀಗೆ ಆಫ್‌ಸೆಟ್ ನೋಡ್ರಿ, ಅಲ್ಲೇ ಜನ ಎಡವೋದು. ರಿಮ್ಮಿನ ನಡುಗೆರಿಯಿಂದ ಗಾಡಿಗೆ ಬಿಗಿಯೋ ಮುಖ ಎಷ್ಟು ಮಿ.ಮೀ. ಹೊರಗೈತಿ ಅನ್ನೋದೇ ಆಫ್‌ಸೆಟ್, ಇಟಿ ಅಂತ ಬರೀತಾರ. ಉದಾಹರಣೆಗೆ 6ಜೆ ಇಟಿ45 ತೆಗೆದು 7ಜೆ ಇಟಿ38 ಹಾಕ್ತೀರಿ ಅಂತ ತಿಳ್ಕೊಳ್ರಿ. ಒಂದು ಇಂಚು ಅಗಲ ಹೆಚ್ಚಾತು, ಒಳಗ 12.7 ಹೊರಗ 12.7. ಆಫ್‌ಸೆಟ್ 7 ಕಡಿಮಿ ಆಗಿದ್ದಕ್ಕ ಪೂರ್ತಿ ರಿಮ್ 7 ಮಿ.ಮೀ. ಹೊರಗ ಸರೀತು. ಒಳಗ ಸ್ಟ್ರಟ್ (ಸಸ್ಪೆನ್ಷನ್ ಕಂಬ) ಕಡೆ 5.7 ಹತ್ರ ಬಂತು, ಹೊರಗ ಫೆಂಡರ್ ಕಡೆ 19.7 ಹೋತು. ಒಳಗ ಟೈರಿಗೂ ಸ್ಟ್ರಟ್‌ಗೂ ನಡುವ ಕಡಿಮಿ ಅಂದ್ರ 5 ಮಿ.ಮೀ. ಜಾಗ ಉಳೀಬೇಕು.

ಒಂದು ರಿಮ್ ಮಾತ್ರ ಹಾಕಿ ನೋಡ್ರಿ ಮೊದಲು. ಗಾಡಿ ನೆಲದ ಮ್ಯಾಲ ಇದ್ದಾಗ ಸ್ಟೀರಿಂಗ್ ಎಡಕ್ಕ, ಬಲಕ್ಕ ಪೂರ್ತಿ ತಿರುವಿ, ಫೆಂಡರ್ ಒಳಗಿನ ಲೈನರ್‌ಗೆ ತಾಗ್ತತಿ ಏನು ನೋಡ್ರಿ. ಆಮ್ಯಾಲ ಅದೇ ಚಕ್ರದ ಕೆಳಗ ಮರದ ದಿಮ್ಮಿ ಕೊಟ್ಟು ಎತ್ತಿ ಮತ್ತ ತಿರುವ್ರಿ. ಸಂಶಯ ಇದ್ದಲ್ಲಿ ಹಸಿ ಜೇಡಿಮಣ್ಣಿನ ಸಣ್ಣ ಉಂಡಿ ಅಂಟಿಸಿ, ಅದು ಎಷ್ಟು ಚಪ್ಪಟೆ ಆತು ಅಂತ ಅಳೀರಿ.

ರಿಮ್ಮಿನ ನಡುವಿನ ತೂತು ನಿಮ್ಮ ಹಬ್‌ಗೆ (ಗಾಡ್ಯಾಗ ಚಕ್ರ ಬಿಗಿಯೋ ನಡುಭಾಗ) ಸರಿ ಕೂಡಬೇಕು, ಸ್ವಿಫ್ಟ್‌ಗೆ 54.1 ಮಿ.ಮೀ. ಮಾರ್ಕೆಟ್ ರಿಮ್ ತೂತು ದೊಡ್ಡದು ಇರ್ತತಿ, ರಿಂಗ್ ಹಾಕ್ಬೇಕು. ಪ್ಲಾಸ್ಟಿಕ್ ರಿಂಗ್ ಬ್ರೇಕಿನ ಕಾವಿಗೆ ಕರಗಿ ಅಂಟಿ ಕೂಡ್ತತಿ, ಅಲ್ಯುಮಿನಿಯಂದು ತಗೋರಿ.

ಜೋಗಿಮಟ್ಟಿ_ಗಾಳಿ:
ಎಲ್ಲರೂ ಟೈರ್ ಸೈಜಿನ ಮೇಲೇ ನಿಂತಿದ್ದೀರಿ. ಕಂಪನಿ ಅಲೈನ್‌ಮೆಂಟ್ ಇಟ್ಟುಕೊಂಡು 205 ಹಾಕಿದರೂ ತಿರುವಿನಲ್ಲಿ ಟೈರ್ ಹೊರ ಅಂಚಿನ ಮೇಲೇ ನಿಲ್ಲುತ್ತೆ, ಒಳ ಅರ್ಧ ಕೆಲಸವನ್ನೇ ಮಾಡುವುದಿಲ್ಲ. ಇದಕ್ಕೆ ಮದ್ದು ಮುಂದಿನ ಕ್ಯಾಂಬರ್, ಅಂದರೆ ಚಕ್ರ ವಾಲಿರುವ ಕೋನ; ಚಕ್ರದ ತಲೆ ಒಳಕ್ಕೆ ವಾಲಿದರೆ ಮೈನಸ್. ಸ್ವಿಫ್ಟ್‌ನ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇದೆ. ಸ್ಟ್ರಟ್ ಮತ್ತು ನಕಲ್ (ಚಕ್ರದ ಹಬ್ ಹೊತ್ತಿರುವ ಭಾಗ) ಸೇರುವ ಎರಡು ಬೋಲ್ಟ್‌ಗಳಲ್ಲಿ ಒಂದರ ಜಾಗಕ್ಕೆ ಕ್ಯಾಂಬರ್ ಬೋಲ್ಟ್ ಹಾಕಿದರೆ ಸುಮಾರು ಒಂದೂವರೆ ಡಿಗ್ರಿ ಸಿಗುತ್ತೆ. ಒಟ್ಟು ಮೈನಸ್ 2ರ ಹತ್ತಿರ ತಂದರೆ ರಸ್ತೆ ಟೈರ್‌ಗೆ ಸಾಕು, ಗಟ್ಟಿ ಗೋಡೆಯ ಟ್ರ್ಯಾಕ್ ಟೈರ್‌ಗೆ 2.5ರಿಂದ 3 ಬೇಕು. ಎರಡೂ ಬದಿ ಒಂದೇ ಇರಲಿ. ಕ್ಯಾಂಬರ್ ಮುಟ್ಟಿದರೆ ಟೋ (ಮೇಲಿಂದ ನೋಡಿದಾಗ ಚಕ್ರದ ಮೂತಿ ಎಷ್ಟು ಒಳಕ್ಕೆ, ಹೊರಕ್ಕೆ ತಿರುಗಿದೆ ಎಂಬುದು) ಹಾಳಾಗುತ್ತೆ, ಅದನ್ನು ಮತ್ತೆ ಸೊನ್ನೆಗೆ ತರಿಸಿಯೇ ಗಾಡಿ ಹೊರಗೆ ತೆಗೆಯಿರಿ. ಹಿಂದಿನದು ಬೀಮ್ (ಎರಡೂ ಚಕ್ರ ಜೋಡಿಸುವ ಒಂದೇ ಅಡ್ಡ ತೊಲೆ), ಹಾಗೇ ಬಿಡಿ.

ಮುಂದೆ-ಹಿಂದೆ ಎಷ್ಟು ಭಾರ ಇದೆ ಅಂತ ಗೊತ್ತಿಲ್ಲದೆ ಟೈರ್ ಬಗ್ಗೆ ಮಾತಾಡುವುದೇ ಕಷ್ಟ. ದಾವಣಗೆರೆಯಲ್ಲಿ ಅದು ಸುಲಭ. ಮೆಕ್ಕೆಜೋಳದ ಲಾರಿ ತೂಗುವ ಯಾವ ವೇ ಬ್ರಿಡ್ಜ್‌ಗೆ ಹೋದರೂ ಆಗುತ್ತೆ, ಲಾರಿ ಸಾಲು ಇಲ್ಲದ ಹೊತ್ತು ನೋಡಿ ಹೋಗಿ. ಟ್ರ್ಯಾಕ್‌ಗೆ ಹೋಗುವ ಹಾಗೆ ಗಾಡಿ ಮಾಡಿ: ಅರ್ಧ ಟ್ಯಾಂಕ್ ಪೆಟ್ರೋಲ್, ಸ್ಟೆಪ್ನಿ ಹೊರಗೆ, ನೀವು ಒಳಗೆ ಕೂತಿರಬೇಕು. ಮೊದಲು ಮುಂದಿನ ಎರಡು ಚಕ್ರ ಮಾತ್ರ ತಟ್ಟೆ ಮೇಲೆ, ಆಮೇಲೆ ಪೂರ್ತಿ ಗಾಡಿ, ಕೊನೆಗೆ ಹಿಂದಿನ ಎರಡು ಮಾತ್ರ. ತಟ್ಟೆ ಮತ್ತು ಅಕ್ಕಪಕ್ಕದ ನೆಲ ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಭಾರ ಒಂದು ಕಡೆ ವಾಲಿ ಲೆಕ್ಕ ತಪ್ಪುತ್ತೆ. ಮುಂದಿನದು, ಹಿಂದಿನದು ಕೂಡಿಸಿದರೆ ಪೂರ್ತಿ ತೂಕಕ್ಕೆ ಹತ್ತಿರ ಬರಬೇಕು. ದೊಡ್ಡ ಕಾಟಾ 5 ಅಥವಾ 10 ಕೆ.ಜಿ. ಲೆಕ್ಕದಲ್ಲಿ ತೋರಿಸುವುದರಿಂದ ಅಷ್ಟು ಹೆಚ್ಚುಕಡಿಮೆ ಇರಲಿ ಬಿಡಿ. ಮುಂದೆ 560, ಹಿಂದೆ 340 ಬಂತು ಅಂದುಕೊಳ್ಳಿ, ಶೇ 62 ಭಾರ ಮುಂದೆ. ಆ ಚೀಟಿ ನೋಡಿದ ಮೇಲೆ ಹಿಂದೆ ದಪ್ಪ ಟೈರ್ ಹಾಕಿ ಅಂತ ಯಾರೂ ಹೇಳುವುದಿಲ್ಲ.

ತುರುವನೂರು_ರಸ್ತೆ:
ದುಡ್ಡು ಉಳಿಸೋಕೆ ಮುಂದೆ ಎರಡಕ್ಕೆ ಮಾತ್ರ ಟ್ರ್ಯಾಕ್ ಟೈರ್ ಹಾಕಿ, ಹಿಂದೆ ಅದೇ ಸೈಜಿನ ಸಾದಾ ರಸ್ತೆ ಟೈರ್ ಬಿಟ್ಟರೆ? ವ್ಯಾಸವೂ ಸಮ ಆಯ್ತು, ಮುಂದಿನ ಹಿಡಿತವೂ ಸಿಕ್ಕಿತು.

ಜೋಗಿಮಟ್ಟಿ_ಗಾಳಿ:
ದಯವಿಟ್ಟು ಬೇಡ. ಈ ಚರ್ಚೆಯಲ್ಲಿ ಪ್ರಾಣಕ್ಕೆ ಕುತ್ತು ತರುವ ಮಾತು ಇದೊಂದೇ. ಸೈಜು ಹೊಂದಿದರೆ ಸಾಲದು, ರಬ್ಬರೂ ಹೊಂದಬೇಕು. ಟ್ರೆಡ್‌ವೇರ್ ಸಂಖ್ಯೆ (ಸವೆತದ ಅಂಕಿ, ಕಡಿಮೆ ಇದ್ದಷ್ಟೂ ರಬ್ಬರ್ ಮೆತ್ತಗೆ) ನೋಡಿ. ಟೊಯೋ ಆರ್888ಆರ್ ಮೇಲೆ 100 ಇದ್ದರೆ ಸಾದಾ ರಸ್ತೆ ಟೈರ್‌ಗಳ ಮೇಲೆ 300, 400 ಇರುತ್ತೆ. ಮುಂದೆ ಅಷ್ಟು ಅಂಟುವ ರಬ್ಬರ್, ಹಿಂದೆ ಗಟ್ಟಿ ರಬ್ಬರ್ ಇದ್ದರೆ ವೇಗದ ತಿರುವಿನಲ್ಲಿ ಮೂತಿ ತಿರುಗಿಬಿಡುತ್ತೆ, ಹಿಂಬದಿ ಹಿಂಬಾಲಿಸುವುದಿಲ್ಲ. ಭಯಪಟ್ಟು ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಬಂದು ಹಿಂಬದಿ ಇನ್ನೂ ಹಗುರಾಗಿ ಗಾಡಿ ಗಿರ್ರನೆ ಸುತ್ತುತ್ತೆ. ಮುಂದೆಳೆಯುವ ಗಾಡಿಯಲ್ಲಿ ಹಿಂದಿನ ಟೈರ್ ಬಿಸಿಯಾಗುವುದೂ ತಡ, ಹಾಗಾಗಿ ಮೊದಲ ಒಂದೆರಡು ಸುತ್ತಿನಲ್ಲೇ ಈ ಅಪಾಯ ಜಾಸ್ತಿ. ನಾಲ್ಕು ಟ್ರ್ಯಾಕ್ ಟೈರ್‌ಗೆ ದುಡ್ಡಿಲ್ಲದಿದ್ದರೆ ನಾಲ್ಕು ಒಳ್ಳೆ ರಸ್ತೆ ಟೈರ್ ಹಾಕಿ. ಕಂಪನಿ, ಮಾಡೆಲ್, ತಯಾರಾದ ವಾರ ಆದಷ್ಟೂ ಒಂದೇ ಇರಲಿ. ಗೋಡೆ ಮೇಲಿನ ನಾಲ್ಕಂಕಿ ನೋಡಿ, 1224 ಅಂದರೆ 2024ರ 12ನೇ ವಾರ.

ನಿಟ್ಟುವಳ್ಳಿ_ಸ್ವಿಫ್ಟ್:
ಬಹಳ ಉಪಕಾರ. 195/55, 6.5ಜೆ, ನಾಲ್ಕೂ ಒಂದೇ ಮಾಡೆಲ್ ಅಂತ ನಿರ್ಧಾರ ಮಾಡಿದೆ. ಇನ್ನೆರಡು ಕೇಳ್ತೀನಿ. ಒಂದು, ಹೊಸ ಟೈರ್ ಬಂದ ಮೇಲೆ ನಾಲ್ಕೂ ನಿಜವಾಗಿ ಸಮ ಇವೆ ಅಂತ ತಿಳಿಯೋದು ಹೇಗೆ? ಎರಡು, ಗಾಳಿ ಎಷ್ಟು ಹಿಡಿಸಬೇಕು?

ಪಾನಾ_ದಾವಣಗೆರೆ:
ಮೊದಲನೇದಕ್ಕ: ನಾಲ್ಕೂ ಟೈರಿಗೆ ತಣ್ಣಗಿದ್ದಾಗ ಒಂದೇ ಗಾಳಿ ಹಿಡಿಸ್ರಿ. ಸಪಾಟಾದ ಸಿಮೆಂಟ್ ನೆಲ ಬೇಕು. ಟೈರ್ ನೆಲ ಮುಟ್ಟೋ ಜಾಗಕ್ಕ, ಅದರ ಕೆಳಗಿನ ನೆಲಕ್ಕ ಸೀಮೆಸುಣ್ಣದ ಗೆರಿ ಹಾಕ್ರಿ. ನೀವು ಒಳಗ ಕೂತಿರ್ರಿ, ಇಬ್ಬರು ಗಾಡಿ ನೆಟ್ಟಗ ತಳ್ಳಲಿ. ಎರಡು ಪೂರ್ತಿ ಸುತ್ತು ಆದ ಮ್ಯಾಲ ನೆಲಕ್ಕ ಮತ್ತ ಗೆರಿ ಹಾಕಿ, ಸ್ಟೀಲ್ ಟೇಪಿನಿಂದ ಅಳೆದು ಅರ್ಧ ಮಾಡ್ರಿ. 195/55ಕ್ಕ 1816 ಮಿ.ಮೀ. ಸುತ್ತಮುತ್ತ ಬರಬೇಕು. ಕಂಪನಿಯಿಂದ ಕಂಪನಿಗೆ ಫರಕು ಇರ್ತತಿ, ಅದಕ್ಕ ಚಿಂತಿಲ್ಲ, ನಾಲ್ಕೂ ಒಂದಕ್ಕೊಂದು ಹೊಂದ್ತಾವಾ ಅನ್ನೋದೇ ಮುಖ್ಯ. ಒಂದು ಆಕ್ಸಲ್ಲಿನ ಎರಡರ ನಡುವ 5 ಮಿ.ಮೀ. ದಾಟಬಾರದು, ದಾಟಿದ್ರ ಗಾಡಿ ಒಂದು ಕಡಿ ಎಳೀತತಿ.

ಜೋಗಿಮಟ್ಟಿ_ಗಾಳಿ:
ಗಾಳಿ: ತಣ್ಣಗಿನ ಲೆಕ್ಕಕ್ಕಿಂತ ಬಿಸಿ ಲೆಕ್ಕ ಮುಖ್ಯ. ಇಂಥ ರಸ್ತೆ ಟೈರ್‌ಗೆ, ಈ ತೂಕದ ಗಾಡಿಗೆ ಬಿಸಿಯಲ್ಲಿ 34ರಿಂದ 36 ಪಿಎಸ್‌ಐ ಇರುವ ಹಾಗೆ ನೋಡಿ. ಮುಂದಿನವು ಟ್ರ್ಯಾಕ್‌ನಲ್ಲಿ 6ರಿಂದ 8 ಏರುತ್ತವೆ, ಹಿಂದಿನವು 3–4 ಮಾತ್ರ. ಹಾಗಾಗಿ ಮುಂದೆ ತಣ್ಣಗೆ 28, ಹಿಂದೆ 31ರಿಂದ ಶುರು ಮಾಡಿ. ಸೆಷನ್ ಮುಗಿಸಿ ಒಳಗೆ ಬಂದ ತಕ್ಷಣ, ಟೈರ್ ಆರುವ ಮೊದಲು ಅಳೆದು, ಹೆಚ್ಚಾದದ್ದನ್ನು ಬಿಡಿ. ಮೂತಿ ಹೊರಗೇ ಓಡುತ್ತಿದೆ ಅಂತ ಅನಿಸಿದರೆ ಹಿಂದೆ ಒಂದೊಂದೇ ಪಿಎಸ್‌ಐ ಏರಿಸಿ ನೋಡಿ, ಎರಡರ ಮೇಲೆ ಒಟ್ಟಿಗೆ ಬೇಡ.

ಬೆಳಗಿನ 22 ಡಿಗ್ರಿಯಲ್ಲಿ ಹಿಡಿಸಿದ 30 ಪಿಎಸ್‌ಐ ಮಧ್ಯಾಹ್ನದ 36 ಡಿಗ್ರಿಯಲ್ಲಿ ಗಾಡಿ ನಿಂತಲ್ಲೇ 32 ಆಗಿರುತ್ತೆ. 6–7 ಡಿಗ್ರಿಗೆ ಸುಮಾರು 1 ಪಿಎಸ್‌ಐ. ಊರಲ್ಲಿ ಹಿಡಿಸಿದ ಗಾಳಿಯನ್ನು ನಂಬದೆ ಟ್ರ್ಯಾಕ್ ಹತ್ತಿರವೇ, ನಿಮ್ಮದೇ ಗೇಜಿನಲ್ಲಿ, ನೆರಳಲ್ಲಿಟ್ಟ ಟೈರ್ ಅಳೆಯಿರಿ. ಒಂದು ಪಕ್ಕ ಬಿಸಿಲು ಬಿದ್ದರೂ ಲೆಕ್ಕ ಏರುಪೇರಾಗುತ್ತೆ.

ಟೈರ್‌ನ ಒಳ ಅಂಚು, ನಡು, ಹೊರ ಅಂಚಿನ ಬಿಸಿ ಅಳೆಯಲು ರಬ್ಬರಿಗೆ ಚುಚ್ಚುವ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ನಡು ಹೆಚ್ಚು ಬಿಸಿ ಇದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಬಿಸಿ ಇದ್ದರೆ ಗಾಳಿ ಕಡಿಮೆ, ಹೊರ ಅಂಚು ಮಾತ್ರ ಬಿಸಿ ಇದ್ದರೆ ಕ್ಯಾಂಬರ್ ಸಾಲದು. ಒಳ ಅಂಚು ಹೊರಗಿನದಕ್ಕಿಂತ 5ರಿಂದ 10 ಡಿಗ್ರಿ ಹೆಚ್ಚು ಇರುವುದು ಸರಿಯಾದ ಲಕ್ಷಣ.

ಕಲ್ಲಿನಕೋಟೆ:
ಒಂದು ಸೇರಿಸ್ತೀನಿ. ನಮ್ಮೂರ ಪಕ್ಕ ಹಾದುಹೋಗುವ 48ನೇ ಹೆದ್ದಾರಿಯೇ ಬೆಂಗಳೂರು ದಾಟಿ ಇರುಂಗಾಟ್ಟುಕೋಟೆಗೂ ಹೋಗುತ್ತೆ, ದಾವಣಗೆರೆಯಿಂದ 550 ಕಿ.ಮೀ. ಮೀರುತ್ತೆ. ಕಂಪನಿ ಟೈರ್‌ನಲ್ಲೇ ಹೋಗಿ, ಟ್ರ್ಯಾಕ್ ಸೆಟ್ ಹಿಂದಿನ ಸೀಟು ಮಡಿಸಿ ಒಳಗೆ ಹಾಕಿ, ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಅಲ್ಲಿ ಬದಲಾಯಿಸಿದ ಮೇಲೆ ನಟ್‌ಗಳನ್ನು ಟಾರ್ಕ್ ಪಾನಾದಲ್ಲಿ, ಗಾಡಿಯ ಕೈಪಿಡಿಯಲ್ಲಿರುವ ಅಳತೆಗೆ ಬಿಗಿಸಿ. ಮೊದಲ ಸೆಷನ್ ಮುಗಿದು ಹಬ್ ಆರಿದ ಮೇಲೆ ಮತ್ತೆ ನೋಡಿ, ಹೊಸ ಅಲಾಯ್ ರಿಮ್‌ನಲ್ಲಿ ನಟ್ ಕೂರುವ ಜಾಗ ಸ್ವಲ್ಪ ಒತ್ತಿಕೊಂಡು ಸಡಿಲಾಗಿರುತ್ತೆ.

ನಿಟ್ಟುವಳ್ಳಿ_ಸ್ವಿಫ್ಟ್:
ಸ್ಟೆಪ್ನಿ ಕಂಪನಿ ಸೈಜಿನದೇ ಇದೆಯಲ್ಲ, 195/55 ಜತೆ ನಡೆಯುತ್ತಾ?

ಪಾನಾ_ದಾವಣಗೆರೆ:
ಟ್ರ್ಯಾಕ್ ಮ್ಯಾಲ ಇಲ್ಲ, ಪ್ಯಾಡಕ್‌ನಿಂದ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸೋ ಜಾಗ) ಪಂಕ್ಚರ್ ಅಂಗಡಿ ತನಕ ನಡೀತತಿ, ಅದೂ ಹಿಂದ ಹಾಕಿದ್ರ ಮಾತ್ರ. ಮುಂದ ಒಂದು 621, ಇನ್ನೊಂದು 595 ಇದ್ರ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಾಗ ತಿರುಗಾಕ ಬಿಡೋದು) ಒಳಗಿನ ಗೇರ್ ನೇರ ದಾರ್ಯಾಗೂ ಬಿಡುವಿಲ್ದಂಗ ತಿರುಗ್ತಾವ, ಸ್ಟೀರಿಂಗ್ ಎಳೀತತಿ. ಮುಂದಿನದು ಪಂಕ್ಚರ್ ಆದ್ರ ಹಿಂದಿನ ಒಂದು ಟ್ರ್ಯಾಕ್ ಟೈರ್ ತೆಗೆದು ಮುಂದ ಹಾಕ್ರಿ, ಸ್ಟೆಪ್ನಿ ಹಿಂದ ಹಾಕ್ರಿ. ಎಬಿಎಸ್ ದೀಪ ಹತ್ತಿದ್ರ ನಿಧಾನ ಹೋಗ್ರಿ, ನಾಲ್ಕೂ ಒಂದೇ ಆದ ಮ್ಯಾಲ ಆರಿ ಹೋಗ್ತತಿ.